ಅಮ್ಮನಿಗೆ ಜೈಂಟ್ ಸಿಕ್ವೋಯಾ ತೋರಿಸಬೇಕು. ಮೊಣಕಾಲು ನೋವಿದ್ದವರಿಗೆ ಯಾವ ಟ್ರೇಲ್ ಸರಿ?

ವಾಣಿ, ಬಸವನಗುಡಿ:

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಗೆ ಹೋಗುತ್ತಿದ್ದೇನೆ. ತಮ್ಮ ಸ್ಯಾನ್ ಹೋಸೆಯಲ್ಲಿದ್ದಾನೆ. ಅಮ್ಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಟೀಚರ್ ಆಗಿದ್ದವರು, ಈಗ ಎಪ್ಪತ್ತು ದಾಟಿದೆ. ಅಲ್ಲಿ ಏನೇನು ನೋಡಬೇಕು ಅಂತ ಕೇಳಿದರೆ ಗೋಲ್ಡನ್ ಗೇಟ್, ಡಿಸ್ನಿಲ್ಯಾಂಡ್ ಯಾವುದರ ಹೆಸರೂ ಬರಲಿಲ್ಲ. "ಜೈಂಟ್ ಸಿಕ್ವೋಯಾ ನೋಡಬೇಕು ಕಣೇ. ಬುಡದಲ್ಲಿ ನಿಂತು ತಲೆ ಎತ್ತಿ ನೋಡಬೇಕು" ಅಂದರು. ಅಷ್ಟು ವರ್ಷ ಮಕ್ಕಳಿಗೆ ಆ ಮರದ ಪಾಠ ಮಾಡಿದ್ದಾರೆ, ಒಂದನ್ನೂ ಕಣ್ಣಾರೆ ಕಂಡಿಲ್ಲ. ಈ ಒಂದು ಆಸೆಯನ್ನು ಚೆನ್ನಾಗಿ ನಡೆಸಿಕೊಡಬೇಕು ಅಂತ ನನಗೆ ತುಂಬಾ ಇದೆ.

ಕಷ್ಟ ಇರುವುದು ಮೊಣಕಾಲಿನದು. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಡೆಯುತ್ತಾರೆ. ದಾರಿ ಸಮವಾಗಿದ್ದರೆ ಅಲ್ಲಲ್ಲಿ ಕೂತು ಎದ್ದು ಎರಡು ಕಿಲೋಮೀಟರ್ ಆರಾಮಾಗಿ ಆಗುತ್ತದೆ. ಮೆಟ್ಟಿಲು ಇಳಿಯುವಾಗ ಮಾತ್ರ ಒದ್ದಾಡುತ್ತಾರೆ. ಘಾಟಿ ರಸ್ತೆಯಲ್ಲಿ ವಾಂತಿ ಬೇರೆ.

ತಮ್ಮ ಹೇಳುವುದೇ ಬೇರೆ. "ಸಿಕ್ವೋಯಾ ಪಾರ್ಕ್ ದೂರ ಅಕ್ಕಾ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದಲ್ಲೇ ಮ್ಯೂರ್ ವುಡ್ಸ್ ಇದೆ. ಅದೇ ಮರಗಳು, ಅರ್ಧ ದಿನದಲ್ಲಿ ಮುಗಿಯುತ್ತೆ" ಅನ್ನುತ್ತಾನೆ. ನಿಜವಾಗಿ ಅದೇ ಮರವಾ? ಅಲ್ಲದಿದ್ದರೆ ಅಮ್ಮನ ಕಾಲಿಗೆ ಒಗ್ಗುವ ಟ್ರೇಲ್ ಯಾವುದು? ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರಲು ಆಗುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಕಿರಣ್, ಯಲಹಂಕ:

ವಾಣಿ ಅಕ್ಕ, ಅದೇ ಮರ ಅಲ್ಲ. ನಾನು ಅರಣ್ಯಶಾಸ್ತ್ರ ಓದುತ್ತಿದ್ದೇನೆ, ಅದಕ್ಕೇ ಮೊದಲು ಇದನ್ನೇ ಹೇಳುತ್ತೇನೆ.

ಮ್ಯೂರ್ ವುಡ್ಸ್‌ನಲ್ಲಿ ಇರುವುದು ಕೋಸ್ಟ್ ರೆಡ್‌ವುಡ್. ಎರಡೂ ಹತ್ತಿರದ ಸಂಬಂಧಿಗಳು, ಆದರೆ ಜಾತಿ ಬೇರೆ. ಜಗತ್ತಿನ ಅತಿ ಎತ್ತರದ ಮರ ಕೋಸ್ಟ್ ರೆಡ್‌ವುಡ್ಡೇ. ಹೈಪೀರಿಯನ್ ಅಂತ ಹೆಸರಿಟ್ಟಿರುವ ಒಂದು ಮರ 115 ಮೀಟರ್ ದಾಟಿದೆ. ಇವು ಸಮುದ್ರದ ಮಂಜು ಬರುವ ಕರಾವಳಿಯಲ್ಲಿ ಬೆಳೆಯುತ್ತವೆ. ಜೈಂಟ್ ಸಿಕ್ವೋಯಾ ಎತ್ತರದಲ್ಲಿ ಅಷ್ಟಿಲ್ಲ, ಆದರೆ ಗಾತ್ರದಲ್ಲಿ ಅದನ್ನು ಮೀರಿಸುವ ಮರ ಭೂಮಿಯ ಮೇಲೆ ಇಲ್ಲ. ತಾನಾಗಿ ಬೆಳೆಯುವುದು ಸಿಯೆರಾ ನೆವಾಡಾ ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ, ಹೆಚ್ಚಾಗಿ 5,000ದಿಂದ 7,000 ಅಡಿ ಎತ್ತರದಲ್ಲಿ.

ಜೀವಶಾಸ್ತ್ರದ ಟೀಚರ್‌ಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ರೆಡ್‌ವುಡ್ ಎಲೆ ಚಪ್ಪಟೆ, ಕಡ್ಡಿಯ ಎರಡೂ ಪಕ್ಕ ಸಾಲಾಗಿ ಇರುತ್ತದೆ. ಸಿಕ್ವೋಯಾ ಎಲೆ ಚಿಕ್ಕದು, ಚೂಪು, ಕಡ್ಡಿಗೆ ಅಂಟಿಕೊಂಡೇ ಇರುತ್ತದೆ. ರೆಡ್‌ವುಡ್ ಕಾಯಿ ಸುಮಾರು ಒಂದು ಇಂಚು, ಸಿಕ್ವೋಯಾದ್ದು ಎರಡರಿಂದ ಮೂರು ಇಂಚು. ಮ್ಯೂರ್ ವುಡ್ಸ್ ಕೂಡ ಚೆನ್ನಾಗಿದೆ, ದಾರಿ ಸಮ ಇದೆ, ಪಾರ್ಕಿಂಗ್ ಮೊದಲೇ ಬುಕ್ ಮಾಡಬೇಕು. ಎರಡನ್ನೂ ತೋರಿಸಿದರೆ ಅಮ್ಮನಿಗೆ ಖುಷಿಯಾಗುತ್ತದೆ. ಆದರೆ ಇದರ ಬದಲು ಅದು ಅಂತ ಮಾಡಬೇಡಿ.

ಶ್ರೀನಿವಾಸ, ಜಯನಗರ:

ವಾಣಿಯವರೇ, ನಾವು ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆವು. ಅವರಿಗೂ ಮಂಡಿ ನೋವು. ಹಾಗಾಗಿ ಅನುಭವದಿಂದ ಹೇಳುತ್ತೇನೆ. ನಿಮ್ಮ ತಮ್ಮನಿಗೂ ಇದನ್ನು ಓದಿಸಿ.

ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಟ್ಟುಬಿಡಿ. ಸ್ಯಾನ್ ಹೋಸೆಯಿಂದ ಹತ್ತಿರ ಹತ್ತಿರ ಐದು ಗಂಟೆ ದಾರಿ. ಹಾಗೆ ಹೋದರೆ ಅಮ್ಮ ಮರ ನೋಡುವುದಿಲ್ಲ, ಕಾರಿನ ಸೀಟು ನೋಡುತ್ತಾರೆ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಪಾರ್ಕಿನ ಒಳಗೆ ವುಕ್ಸಾಚಿ ಲಾಡ್ಜ್ ಇದೆ, ಗ್ರಾಂಟ್ ಗ್ರೋವ್ ಕಡೆ ಜಾನ್ ಮ್ಯೂರ್ ಲಾಡ್ಜ್ ಇದೆ. ಜೂನ್ ಅಂದರೆ ರಜೆಯ ಕಾಲ, ಈಗಲೇ ಬುಕ್ ಮಾಡಿ.

ವಾಂತಿಗೆ ಒಂದು ಉಪಾಯ ಇದೆ. ಪಾರ್ಕಿಗೆ ಎರಡು ದಾರಿ. ತ್ರೀ ರಿವರ್ಸ್ ಊರಿನ ಕಡೆಯಿಂದ ಹೋದರೆ ಗೇಟು ದಾಟಿದ ಮೇಲೆ ಕಡಿದಾದ ತಿರುವುಗಳೇ ತಿರುವುಗಳು. ಫ್ರೆಸ್ನೋ ಊರಿನಿಂದ 180ನೇ ಹೆದ್ದಾರಿ ಹಿಡಿದು ಗ್ರಾಂಟ್ ಗ್ರೋವ್‌ಗೆ ಬಂದರೆ ಏರು ಇದೆ, ತಿರುವು ಅಷ್ಟು ಕೆಟ್ಟದಾಗಿಲ್ಲ. ನೀವು ಫ್ರೆಸ್ನೋ ಕಡೆಯಿಂದಲೇ ಬನ್ನಿ, ಅದೇ ದಾರಿಯಲ್ಲಿ ವಾಪಸ್ ಹೋಗಿ. ಫ್ರೆಸ್ನೋದಲ್ಲೇ ಟ್ಯಾಂಕ್ ಫುಲ್ ಮಾಡಿಸಿ. ಪಾರ್ಕಿನ ಒಳಗೆ ಪೆಟ್ರೋಲ್ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೊದಲ ದಿನ ಗ್ರಾಂಟ್ ಗ್ರೋವ್ ಮಾತ್ರ. ಜನರಲ್ ಗ್ರಾಂಟ್ ಮರದ ಸುತ್ತ ಸುಮಾರು ಅರ್ಧ ಕಿಲೋಮೀಟರ್‌ನ ಟಾರು ಹಾಕಿದ ದಾರಿ ಇದೆ. ಪ್ರಯಾಣದ ಆಯಾಸಕ್ಕೆ ಅಷ್ಟೇ ಸಾಕು. ಆ ಮರ 268 ಅಡಿ. ಅಲ್ಲೇ ಬಿದ್ದಿರುವ ಒಂದು ದೊಡ್ಡ ಮರ ಒಳಗೆಲ್ಲ ಪೊಳ್ಳು. ಹಿಂದೆ ಸೈನ್ಯದವರು ಅದರೊಳಗೆ ಕುದುರೆ ಕಟ್ಟುತ್ತಿದ್ದರಂತೆ. ಅಷ್ಟು ಕಾಲವಾದರೂ ಆ ಮರ ಕೊಳೆತಿಲ್ಲ ನೋಡಿ.

ಮರುದಿನ ಬೆಳಿಗ್ಗೆ ಬೇಗ ಜೈಂಟ್ ಫಾರೆಸ್ಟ್‌ಗೆ ಹೋಗಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ: ಬಿಗ್ ಟ್ರೀಸ್ ಟ್ರೇಲ್. ಮ್ಯೂಸಿಯಂ ಪಕ್ಕದಿಂದ ಹೊರಟು ರೌಂಡ್ ಮೆಡೋ ಅನ್ನುವ ಹುಲ್ಲುಗಾವಲಿನ ಸುತ್ತ ಹೋಗುವ ದಾರಿ. ಪೂರ್ತಿ ಸಮ, ಗಾಲಿಕುರ್ಚಿಯೂ ಹೋಗುತ್ತದೆ. ಹೋಗಿ ಬರಲು ಎರಡು ಕಿಲೋಮೀಟರ್ ಆಸುಪಾಸು. ಮಧ್ಯೆ ಹಸಿರು ಗಾವಲು, ಅದರ ಅಂಚಿನಲ್ಲಿ ಸುತ್ತಲೂ ಸಿಕ್ವೋಯಾಗಳು. ನನಗೆ ಇದು ಎಲ್ಲಕ್ಕಿಂತ ಇಷ್ಟವಾಗಲು ಕಾರಣ ಇದೆ. ದಟ್ಟ ಕಾಡಿನೊಳಗೆ ನಿಂತರೆ ಬುಡ ಕಾಣುತ್ತದೆ, ತುದಿ ಕಾಣುವುದಿಲ್ಲ. ಇಲ್ಲಿ ಗಾವಲಿನ ಈಚೆ ದಡದಲ್ಲಿ ನಿಂತು ಆಚೆ ದಡದ ಮರವನ್ನು ಬುಡದಿಂದ ತುದಿಯವರೆಗೆ ಒಂದೇ ನೋಟದಲ್ಲಿ ನೋಡಬಹುದು. ಮಾಹಿತಿ ಫಲಕಗಳೂ ಚೆನ್ನಾಗಿವೆ. ನಮ್ಮ ಅತ್ತೆ ಒಂದೊಂದನ್ನೂ ಓದಿಸಿಕೊಂಡು, ಒಂದೊಂದು ಮರದ ಎದುರೂ ನಿಂತು ನಡೆದರು. ನಾವು ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಜನರಲ್ ಶೆರ್ಮನ್. ಗಾತ್ರದ ಲೆಕ್ಕದಲ್ಲಿ ಭೂಮಿಯ ಮೇಲಿನ ಅತಿ ದೊಡ್ಡ ಮರ ಇದೇ. ಎತ್ತರ 275 ಅಡಿ, ವಯಸ್ಸು ಸುಮಾರು 2,200 ವರ್ಷ ಅಂತ ಅಂದಾಜು. ಬುಡದ ಅಗಲ 36 ಅಡಿ. ನಮ್ಮ ಬೆಂಗಳೂರಿನ 30-40 ಸೈಟಿನ ಮುಂಭಾಗ ಇದೆಯಲ್ಲ, ಅದರಲ್ಲಿ ಈ ಮರ ಹಿಡಿಸುವುದಿಲ್ಲ. ಮೊದಲ ದೊಡ್ಡ ಕೊಂಬೆ ಶುರುವಾಗುವುದೇ 130 ಅಡಿ ಮೇಲೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಮೇಲಿನ ದೊಡ್ಡ ಪಾರ್ಕಿಂಗ್‌ನಿಂದ ಮರಕ್ಕೆ ಅರ್ಧ ಮೈಲಿ ಇಳಿಜಾರು, ನಡುನಡುವೆ ಮೆಟ್ಟಿಲು. ವಾಪಸ್ ಬರುವಾಗ ಅದನ್ನೆಲ್ಲ ಹತ್ತಬೇಕು, ಅದೂ 7,000 ಅಡಿ ಎತ್ತರದಲ್ಲಿ. ಹೆಚ್ಚುಕಡಿಮೆ ಊಟಿಯ ಎತ್ತರ, ಬೇಗ ಏದುಸಿರು ಬರುತ್ತದೆ. ಆದರೆ ಕೆಳಗಿನ ಹೆದ್ದಾರಿ ಕಡೆಯಿಂದ ಮೆಟ್ಟಿಲೇ ಇಲ್ಲದ ಚಿಕ್ಕ ದಾರಿ ಇದೆ. ಬೇಸಿಗೆಯಲ್ಲಿ ಓಡುವ ಉಚಿತ ಶಟಲ್ ಬಸ್ ಅಲ್ಲಿ ನಿಲ್ಲುತ್ತದೆ. ನಿಮ್ಮ ಅಮ್ಮ ಅಲ್ಲಿಂದಲೇ ಹೋಗಿ ಅಲ್ಲಿಂದಲೇ ಬರಲಿ.

ಶೆರ್ಮನ್ ಹತ್ತಿರದಿಂದ ಕಾಂಗ್ರೆಸ್ ಟ್ರೇಲ್ ಶುರುವಾಗುತ್ತದೆ. ಅದು ಏರಿಳಿತದ ದಾರಿ, ಮೂರು ಕಿಲೋಮೀಟರ್‌ಗೂ ಜಾಸ್ತಿ. ಅಮ್ಮನಿಗೆ ಬೇಡ. ಅವರು ತಮ್ಮನ ಜೊತೆ ಬೆಂಚಿನ ಮೇಲೆ ಕೂತಿರಲಿ, ನೀವು ಬೇಕಾದರೆ ಹೋಗಿ ಬನ್ನಿ. ಜನ ಕಡಿಮೆ, ಒಳ್ಳೊಳ್ಳೆ ಮರಗಳ ಗುಂಪುಗಳಿವೆ. ಮೋರೋ ರಾಕ್ ಹೆಸರನ್ನೇ ಅವರ ಮುಂದೆ ಎತ್ತಬೇಡಿ, 350ಕ್ಕೂ ಹೆಚ್ಚು ಮೆಟ್ಟಿಲು.

ಊಟಕ್ಕೆ ಚಪಾತಿ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿ. ಆದರೆ ಡಬ್ಬಿ, ಉಪ್ಪಿನಕಾಯಿ, ಕೊನೆಗೆ ಟೂತ್‌ಪೇಸ್ಟ್ ಕೂಡ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿ ಕರಡಿಗಳಿವೆ, ವಾಸನೆ ಹಿಡಿದು ಕಾರಿನ ಬಾಗಿಲು ಕಿತ್ತುಹಾಕುತ್ತವೆ. ಪಾರ್ಕಿಂಗ್ ಜಾಗಗಳಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಅದರಲ್ಲಿಟ್ಟು ಚಿಲಕ ಹಾಕಿ.

ಮಧು, ವಿಜಯನಗರ:

ದುಡ್ಡಿನ ವಿಷಯ ಯಾರೂ ಹೇಳಿಲ್ಲ. 2026ರ ಜನವರಿಯಿಂದ ಹೊರದೇಶದವರಿಗೆ ಕೆಲವು ದೊಡ್ಡ ಪಾರ್ಕ್‌ಗಳಲ್ಲಿ ಮಾಮೂಲಿ ಪ್ರವೇಶ ಶುಲ್ಕದ ಮೇಲೆ ತಲೆಗೆ 100 ಡಾಲರ್ ಜಾಸ್ತಿ ತೆಗೆದುಕೊಳ್ಳುತ್ತಾರೆ. ಸಿಕ್ವೋಯಾ, ಯೊಸೆಮಿಟಿ ಎರಡೂ ಆ ಪಟ್ಟಿಯಲ್ಲಿವೆ. 250 ಡಾಲರ್‌ನ ವರ್ಷದ ಪಾಸ್ ಕೂಡ ಇದೆ. ಎರಡೂ ಪಾರ್ಕ್ ನೋಡುವ ಹಾಗಿದ್ದರೆ ಲೆಕ್ಕ ಹಾಕಿ ನೋಡಿ.

ಯೊಸೆಮಿಟಿ ಹೇಗೂ ನಿಮ್ಮ ಪ್ಲ್ಯಾನ್‌ನಲ್ಲಿದ್ದರೆ ಅಲ್ಲಿಯ ಮ್ಯಾರಿಪೋಸಾ ಗ್ರೋವ್ ಸಾಕು ಅನ್ನುವುದು ನನ್ನ ಅಭಿಪ್ರಾಯ. 500ಕ್ಕೂ ಹೆಚ್ಚು ದೊಡ್ಡ ಸಿಕ್ವೋಯಾಗಳಿವೆ. ಗ್ರಿಜ್ಲಿ ಜೈಂಟ್ ಅನ್ನುವ ಮರಕ್ಕೆ ಹತ್ತಿರ ಹತ್ತಿರ 3,000 ವರ್ಷ. ಈ ತೋಪನ್ನು ಉಳಿಸಲು ಲಿಂಕನ್ 1864ರಲ್ಲೇ ಕಾನೂನಿಗೆ ಸಹಿ ಹಾಕಿದ್ದರು. ಕಾರು ಕೆಳಗೆ ನಿಲ್ಲಿಸಿ ಶಟಲ್‌ನಲ್ಲಿ ಹೋಗಬೇಕು, ಇಳಿದಲ್ಲೇ ಅರ್ಧ ಕಿಲೋಮೀಟರ್‌ನ ಸಮ ದಾರಿ ಇದೆ.

ಶ್ರೀನಿವಾಸ, ಜಯನಗರ:

ಮಧು ಅವರೇ, ಮ್ಯಾರಿಪೋಸಾ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಯೊಸೆಮಿಟಿಗೆ ಹೋದವರ ಮನಸ್ಸೆಲ್ಲ ಬಂಡೆ, ಜಲಪಾತದ ಕಡೆ ಇರುತ್ತದೆ. ಮರಕ್ಕೆ ಸಿಗುವುದು ಒಂದೆರಡು ಗಂಟೆ. ಇವರ ಅಮ್ಮ ಹೋಗುತ್ತಿರುವುದೇ ಮರ ನೋಡಲು. ಅವರಿಗೆ ಜೈಂಟ್ ಫಾರೆಸ್ಟೇ ಸರಿ.

ವಾಣಿ, ಬಸವನಗುಡಿ:

ಶ್ರೀನಿವಾಸ ಸರ್, ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ತಮ್ಮನಿಗೆ ಕಳಿಸಿದೆ, ಒಪ್ಪಿಕೊಂಡಿದ್ದಾನೆ. ಕಿರಣ್ ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಈ ಹುಡುಗ ಚೆನ್ನಾಗಿ ಓದಿದ್ದಾನೆ" ಅಂದರು.

ಅಮ್ಮನದೇ ಒಂದು ಪ್ರಶ್ನೆ ಇದೆ. ಕೆಲವು ವರ್ಷದ ಹಿಂದೆ ಅಲ್ಲಿ ಕಾಳ್ಗಿಚ್ಚು ಬಂದು, ದೊಡ್ಡ ಮರಕ್ಕೆ ಬೆಳ್ಳಿಯ ಹಾಗೆ ಹೊಳೆಯುವ ಹಾಳೆ ಸುತ್ತಿದ್ದನ್ನು ಟಿವಿಯಲ್ಲಿ ನೋಡಿದ್ದರಂತೆ. ಮರಗಳು ಉಳಿದಿವೆಯಾ? "ಬೆಂಕಿ ಬಂದರೇನೇ ಅದರ ಬೀಜ ಮೊಳೆಯುವುದು ಅಂತ ಪಾಠ ಮಾಡಿದ್ದೇನಲ್ಲ, ಮತ್ತೆ ಬೆಂಕಿಗೆ ಯಾಕೆ ಸತ್ತವು?" ಅಂತ ಕೇಳುತ್ತಿದ್ದಾರೆ.

ಕಿರಣ್, ಯಲಹಂಕ:

ಅಮ್ಮನ ಪ್ರಶ್ನೆ ಸರಿಯಾಗಿಯೇ ಇದೆ. ಅವರು ಮಾಡಿದ ಪಾಠವೂ ಸರಿ.

ಸಿಕ್ವೋಯಾ ತೊಗಟೆ ಎರಡು ಅಡಿಯವರೆಗೂ ದಪ್ಪ ಇರುತ್ತದೆ. ನೆಲದ ಮೇಲೆ ಹರಡಿ ಹೋಗುವ ಸಣ್ಣ ಬೆಂಕಿ ಅದನ್ನು ಏನೂ ಮಾಡುವುದಿಲ್ಲ. ಕಾಯಿಗಳು ಇಪ್ಪತ್ತು ವರ್ಷದವರೆಗೂ ಹಸಿರಾಗಿ, ಮುಚ್ಚಿಕೊಂಡೇ ಮರದ ಮೇಲೆ ಇರಬಲ್ಲವು. ಕೆಳಗಿನ ಬೆಂಕಿಯ ಬಿಸಿ ತಾಗಿದಾಗ ಒಣಗಿ ಬಿರಿಯುತ್ತವೆ, ಬೀಜ ಉದುರುತ್ತದೆ. ಆ ಬೀಜಕ್ಕೆ ತರಗೆಲೆ ಇಲ್ಲದ ಬರೀ ಮಣ್ಣು ಬೇಕು, ಬಿಸಿಲೂ ಬೇಕು. ಎರಡನ್ನೂ ಬೆಂಕಿಯೇ ಮಾಡಿಕೊಡುತ್ತದೆ.

ಆದರೆ ನೂರು ವರ್ಷದ ಹತ್ತಿರ ಅಲ್ಲಿ ಎಲ್ಲ ಬೆಂಕಿಯನ್ನೂ ಆರಿಸುತ್ತಲೇ ಬಂದರು. ತರಗು, ಒಣ ಕಟ್ಟಿಗೆ, ಬೇರೆ ಜಾತಿಯ ಮರಗಳು ಕೆಳಗೆ ತುಂಬಿಕೊಂಡವು. ಬರಗಾಲವೂ ಸೇರಿತು. ಆಮೇಲೆ ಬಂದ ಬೆಂಕಿ ನೆಲದಲ್ಲಿ ನಿಲ್ಲದೆ ಮರದ ನೆತ್ತಿಗೇ ಏರಿತು. 2020ರ ಕಾಸಲ್ ಫೈರ್ ಒಂದರಲ್ಲೇ ಜಗತ್ತಿನ ದೊಡ್ಡ ಸಿಕ್ವೋಯಾಗಳಲ್ಲಿ ನೂರಕ್ಕೆ 10ರಿಂದ 14ರಷ್ಟು ಸತ್ತವು ಅಂತ ಅಂದಾಜು. 2021ರಲ್ಲಿ ಇನ್ನೂ ನೂರಕ್ಕೆ 3ರಿಂದ 5. ಬರೆಯುವಾಗಲೇ ಸಂಕಟ ಆಗುತ್ತದೆ. ಅಮ್ಮ ಟಿವಿಯಲ್ಲಿ ನೋಡಿದ್ದು 2021ರ ಸೆಪ್ಟೆಂಬರ್‌ನದು, ಶೆರ್ಮನ್ ಬುಡಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದರು. ಶೆರ್ಮನ್ ಉಳಿಯಿತು. ಆ ಪಾರ್ಕಿನಲ್ಲಿ 1960ರ ದಶಕದಿಂದ ಬೇಕೆಂದೇ ಸಣ್ಣ ಬೆಂಕಿ ಹಾಕಿ ಕೆಳಗಿನ ತರಗು ಸುಡುತ್ತಾ ಬಂದಿದ್ದಾರೆ. ಜೈಂಟ್ ಫಾರೆಸ್ಟ್ ಉಳಿಯಲು ಅದೂ ದೊಡ್ಡ ಕಾರಣ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಹೀಗೇ ಮಾಡುತ್ತಿದ್ದರು. ಬೇಸಿಗೆಯ ಆರಂಭದಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡೆಲ್ಲ ಹಬ್ಬಿತು ಅಂತ ಅವರು ಹೇಳುತ್ತಲೇ ಇದ್ದಾರೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಪದ್ಧತಿಯೂ ಇದೇ ಥರದ್ದು. ಅಮ್ಮನ ಜೊತೆ ನಡೆಯುವಾಗ ಬುಡದಲ್ಲಿ ಕಪ್ಪಾಗಿ ಸುಟ್ಟ ಗುರುತುಗಳು ಕಾಣುತ್ತವೆ. ಹೆಚ್ಚಿನವು ಹಳೆಯವು, ಮರ ಬದುಕೇ ಇರುತ್ತದೆ. ಗಾಯದ ಅಂಚಿನಲ್ಲಿ ಹೊಸ ತೊಗಟೆ ಹೇಗೆ ಮುಚ್ಚಿಕೊಂಡು ಬಂದಿದೆ ಅಂತ ಅವರಿಗೆ ತೋರಿಸಿ.

ಇನ್ನೊಂದು ಮಾತು. ದಾರಿ ಬಿಟ್ಟು ಮರದ ಬುಡಕ್ಕೆ ಹೋಗಬೇಡಿ. ಬೇರು ಆಳಕ್ಕೆ ಇಳಿಯುವುದಿಲ್ಲ, 12-14 ಅಡಿ ಅಷ್ಟೇ. ಅಗಲಕ್ಕೆ ಮಾತ್ರ ನೂರು ಅಡಿ ದಾಟಿ ಹರಡಿರುತ್ತದೆ. ಮೇಲೆ ಓಡಾಡಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಇಳಿಯುವುದಿಲ್ಲ.

ವಾಣಿ, ಬಸವನಗುಡಿ:

ಅಮ್ಮ ಇದನ್ನು ಎರಡು ಸಲ ಓದಿಸಿಕೊಂಡರು. ಸೋಲಿಗರ ವಿಷಯ ಅವರಿಗೂ ಹೊಸದು. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಹೇಳುತ್ತಿದ್ದಾರೆ. ವುಕ್ಸಾಚಿಯಲ್ಲಿ ರೂಮು ಸಿಕ್ಕಿತು.

ಕೊನೆಯದಾಗಿ ಒಂದು. ಕೆಳಗೆ ಬಿದ್ದ ಒಂದು ಕಾಯಿ ತರಬಹುದಾ? ತಾವು ಪಾಠ ಮಾಡಿದ ಸ್ಕೂಲಿಗೆ ಕೊಡಬೇಕು ಅಂತ ಅಮ್ಮನಿಗೆ ಆಸೆ.

ಕಿರಣ್, ಯಲಹಂಕ:

ಬೇಡ ಅಕ್ಕ. ಆ ಪಾರ್ಕಿನಿಂದ ಒಂದು ಕಾಯಿಯನ್ನೂ ಎತ್ತಿಕೊಂಡು ಬರುವ ಹಾಗಿಲ್ಲ, ಕಾನೂನು ಇದೆ. ಅಳಿಲು, ಜೀರುಂಡೆಗಳಿಗೆ ಅದು ಆಹಾರ ಕೂಡ. ಅಂಗಡಿಯಲ್ಲಿ ಬೀಜ ಕೊಂಡರೂ ಬಿತ್ತನೆಗೆ ಭಾರತಕ್ಕೆ ತರಲು ಮೊದಲೇ ಅನುಮತಿ ಪತ್ರ, ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು.

ಅಮ್ಮನ ಬ್ಯಾಗಿನಲ್ಲಿ ಒಂದು ಸ್ಕೇಲ್ ಇಟ್ಟುಕೊಳ್ಳಿ. ದಾರಿಯ ಅಂಚಿನಲ್ಲಿ ಬಿದ್ದ ಕಾಯಿಯ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಬಿರಿದ ಕಾಯಿಯದು ಒಂದು, ಹಸಿರಾಗಿ ಮುಚ್ಚಿರುವುದು ಒಂದು, ಬೀಜ ಸಿಕ್ಕರೆ ಅದರದ್ದೂ ಒಂದು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಕೂಲಿಗೆ ಕೊಡಿ. ಒಂದು ಪ್ರತಿ ನನಗೂ ಬೇಕು.