ಅಪ್‌ಡೇಟ್: ಕೆಟ್ಟಿದ್ದು ಥ್ರಾಟಲ್ ಸೆನ್ಸರ್ ಅಲ್ಲ, ವೈರ್!

ಹದಿನೈದು ದಿನದ ಹಿಂದೆ ಕೇಳಿದ್ದೆನಲ್ಲ, ನನ್ನ ಹಳೇ ಪೆಟ್ರೋಲ್ ಕಾರು ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಸ್ಕ್ಯಾನರ್‌ನಲ್ಲಿ ಪಿ0122 ಕೋಡ್ ಬರುತ್ತದೆ ಅಂತ. (ಥ್ರಾಟಲ್ ಎಷ್ಟು ತೆರೆದಿದೆ ಅಂತ ಎಂಜಿನ್ ಕಂಪ್ಯೂಟರಿಗೆ ಹೇಳುವ ಥ್ರಾಟಲ್ ಸೆನ್ಸರಿನ ಸಿಗ್ನಲ್ ತೀರಾ ಕಡಿಮೆ ಅಂತ ಆ ಕೋಡಿನ ಅರ್ಥ.) ಸರಿಹೋಯಿತು.

ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಅಂದಿರಿ, ಮಾಡಿದೆ. ಕೈತುಂಬ ಮಸಿ ಬಂತು, ಕೋಡ್ ಮಾತ್ರ ಹೋಗಲಿಲ್ಲ. ಗ್ಯಾರೇಜಿನಲ್ಲಿ ಸೆನ್ಸರನ್ನೇ ಬದಲಿಸಿದರು. ಎರಡೇ ದಿನ, ಮತ್ತೆ ಅದೇ ರಾಗ. ದುಡ್ಡು ದಂಡ.

ಕೆಲಸಕ್ಕೆ ಬಂದಿದ್ದು, ಮಲ್ಟಿಮೀಟರ್ ಹಿಡಿದು ವೈರ್ ಅಲ್ಲಾಡಿಸಿ ನೋಡಿ ಅಂದವರ ಮಾತು. ಕೀ ಆನ್, ಎಂಜಿನ್ ಆಫ್. ಸೆನ್ಸರ್ ಕನೆಕ್ಟರ್ ಹಿಂದಿನಿಂದ, ಸೆನ್ಸರಿನ ಅಳತೆ ಒಯ್ಯುವ ಸಿಗ್ನಲ್ ವೈರಿಗೆ ಗುಂಡುಸೂಜಿ ತೂರಿಸಿದೆ. ಪೆಡಲ್ ಬಿಟ್ಟಾಗ 0.5 ವೋಲ್ಟ್, ಪೂರ್ತಿ ಒತ್ತಿದಾಗ 4.4. ನಡುವೆ ಎಲ್ಲೂ ತಡವರಿಸಲಿಲ್ಲ. ಸೆನ್ಸರ್ ಚೆನ್ನಾಗೇ ಇದೆ ಅಲ್ವಾ? ಆದರೆ ನಾಲ್ಕು ಬೆರಳು ಹಿಂದೆ ವೈರ್ ಬಗ್ಗಿಸಿದ ತಕ್ಷಣ ಮೀಟರ್ ಸೊನ್ನೆಗೆ ಬಿತ್ತು. ಸೆನ್ಸರಿಗೆ 5 ವೋಲ್ಟ್ ಕೊಡುವ ವೈರ್ ಅಲ್ಲಿ ಒಳಗೇ ಬಹುತೇಕ ತುಂಡಾಗಿತ್ತು. ಆಶ್ಚರ್ಯ ಅಂದ್ರೆ ಹೊರಗಿನ ಪ್ಲಾಸ್ಟಿಕ್ ಗೀರೂ ಇಲ್ಲದೆ ಹಾಗೇ ಇತ್ತು. ಸುಲಿದು ನೋಡಿದರೆ ತಾಮ್ರದ ಎರಡು ಎಳೆ ಮಾತ್ರ ಹಿಡಿದುಕೊಂಡಿದ್ದವು.

ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ, ಕೋಡ್ ಅಳಿಸಿದೆ. ಆರು ದಿನದಿಂದ ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಸುಮ್ನೆ ಬದಲಿಸಿದ ಹಳೇ ಸೆನ್ಸರ್ ಈಗ ಡಿಕ್ಕಿಯಲ್ಲಿದೆ, ಸ್ಪೇರ್ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೇನೆ.