ವಿಯೆನ್ನಾ ನಟಿ, ನಮ್ಮನೆ ಗ್ರೂಪು

ಚಿಕ್ಕಪ್ಪ (ಫಾರ್ವರ್ಡ್): ಆಸ್ಟ್ರಿಯಾ ಚಕ್ರವರ್ತಿ ಫ್ರಾನ್ಜ್ ಜೋಸೆಫ್ ನಾಟಕದ ನಟಿ ಕ್ಯಾಥರಿನಾ ಶ್ರಾಟ್‌ಳನ್ನು ಗುಟ್ಟಾಗಿ ಮದುವೆಯಾಗಿದ್ದ!! ರಾಣಿಯೇ ಇಬ್ಬರನ್ನೂ ಹತ್ತಿರ ಮಾಡಿದ್ದಳು!! ನಾಟಕದವರ ಸಹವಾಸ ಸಾಮ್ರಾಜ್ಯವನ್ನೇ ಮುಳುಗಿಸಿತು. ತಪ್ಪದೆ ಶೇರ್ ಮಾಡಿ 🙏

ದೊಡ್ಡಮ್ಮ: ಅದಕ್ಕೇ ನಮ್ಮ ಮಾವನೋರು ಹೆಣ್ಮಕ್ಳನ್ನ ಸ್ಟೇಜ್ ಹತ್ತಿಸಬಾರ್ದು ಅಂತಿದ್ರು

ರಘು: ಚಿಕ್ಕಪ್ಪ ಸೋರ್ಸ್ ಎಲ್ಲಿ? ಮದುವೆ ಆದ್ರು ಅನ್ನೋದಕ್ಕೆ ದಾಖಲೆ ಇಲ್ಲ, ಬರೀ ಗಾಸಿಪ್. ಅವಳಿಗೆ ಮೊದಲೇ ಹಂಗೇರಿಯ ಗಂಡ ಇದ್ದ, ಬೇರೆಬೇರೆ ಇದ್ರು ಅಷ್ಟೇ, ಒಬ್ಬ ಮಗನೂ ಇದ್ದ. ಗಂಡ ಸತ್ತಿದ್ದು 1909ರಲ್ಲಿ, ಚಕ್ರವರ್ತಿ 1916ರಲ್ಲಿ. ಸಾಮ್ರಾಜ್ಯ ಮುಳುಗಿದ್ದು ಮಹಾಯುದ್ಧದಲ್ಲಿ, ಅವಳೇನ್ ಮಾಡಿದ್ಲು ಪಾಪ

ಚಿಕ್ಕಪ್ಪ: ನಾನ್ ಬರ್ದಿದ್ದಲ್ಲಪ್ಪ, ಬಂದಿದ್ದನ್ನ ಹಾಕ್ದೆ. ನಿನ್ ಮದುವೇಲಿ ಹೋಳಿಗೆ ಖಾಲಿ ಅಂದಾಗ ನಾವು ಸೋರ್ಸ್ ಕೇಳಿದ್ವಾ?

ರಘು: ರಾಣಿ ವಿಷಯ ಮಾತ್ರ ನಿಜ. 1886ರಲ್ಲಿ ಆಂಗೆಲಿ ಅನ್ನೋ ಕಲಾವಿದನ ಕೈಲಿ ಶ್ರಾಟ್ ಚಿತ್ರ ಬರೆಸಿ ಗಂಡಂಗೆ ಗಿಫ್ಟ್ ಕೊಟ್ಲು

ಚಿಕ್ಕಪ್ಪ: ನೋಡಿದ್ಯಾ, ನಿಜ ಅಂತಾಯ್ತಲ್ಲ 👍

ಪಮ್ಮಿ: ಅಯ್ಯೋ ವಿಯೆನ್ನಾ!! ನಾವು ಟೂರ್ ಹೋದಾಗ ಶೋನ್‌ಬ್ರುನ್ ಅರಮನೆ ಮುಂದೆ ಸುಮತ್ತೆ ಅವಲಕ್ಕಿ ಡಬ್ಬಿ ಬಿಚ್ಚಿ ಕೂತಿದ್ದು ಆ ಗಾರ್ಡು ಬಂದು ದುರುಗುಟ್ಟಿ ನೋಡಿದ್ದು ನೆನೆಸ್ಕೊಂಡ್ರೆ ಈಗ್ಲೂ ನಗು ಬರತ್ತೆ 😂 ರಾಜ ಅಲ್ಲೇ ಹತ್ರ ಅವಳ ಮನೆಗೆ ಬೆಳಿಗ್ಗೆ ತಿಂಡಿಗೆ ಹೋಗ್ತಿದ್ನಂತೆ, ಅವಳ ಕೈ ಕೇಕು ಅಂದ್ರೆ ಪ್ರಾಣ ಅಂತ ಗೈಡ್ ಹೇಳಿದ್ಲು

ಸುಮತ್ತೆ: ಅವಲಕ್ಕಿ ಇರ್ಲಿ. ಅತ್ತಿಗೆ, ಅಪ್ಪ ಹಾಗಂದಿದ್ದು ನಾನಂತೂ ಕೇಳಿಲ್ಲ. ಕಾಲೇಜ್ ನಾಟಕದ ದಿನ ಬೀರು ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು ಓಡಾಡಿದ್ದು ನೀವು

ರಘು: ಅವಳ ನಟನೆ ಬಗ್ಗೆ ಯಾರೂ ಕೇಳ್ತಿಲ್ಲ. 1883ರಿಂದ ಬುರ್ಗ್ ಥಿಯೇಟರ್, ವಿಯೆನ್ನಾದಲ್ಲಿ ಅದಕ್ಕಿಂತ ದೊಡ್ಡ ಸ್ಟೇಜ್ ಇರ್ಲಿಲ್ಲ. ಹಾಸ್ಯದ ಪಾತ್ರ ಅಂದ್ರೆ ಅವಳೇ. 1900ರಲ್ಲಿ ಬಿಟ್ಟು ಬಂದ್ಲು. ಆಮೇಲೆ ಆತ್ಮಕಥೆ ಬರಿ ಅಂತ ಪ್ರಕಾಶಕರು ಬೆನ್ನು ಬಿದ್ರೂ 1940ರಲ್ಲಿ, 86ನೇ ವಯಸ್ಸಲ್ಲಿ ಸಾಯೋ ತನಕ ಬಾಯಿ ಬಿಡ್ಲಿಲ್ಲ

ಚಿಕ್ಕಪ್ಪ: ಇಷ್ಟುದ್ದ ಯಾರೋ ಓದ್ತಾರೆ

ದೊಡ್ಡಮ್ಮ: ಆ ಸೀರೆ ನನ್ ತವರಿಂದ ಬಂದಿದ್ದು ಸುಮಾ. ಬಣ್ಣ ಮೆತ್ಕೊಂಡ್ ಬಂದಿದ್ರೆ ಒಗೀತಿದ್ದವರ್ಯಾರು?

ಸುಮತ್ತೆ: ಅಂದ್ರೆ ಬೀಗ ಹಾಕಿದ್ದು ನಿಜ

ಪಮ್ಮಿ: ಯಾವ್ ಸೀರೆ, ಆ ಮೆಂತ್ಯ ಬಣ್ಣದ್ದಾ? ಫೋಟೋ ಹಾಕಿ ದೊಡ್ಡಮ್ಮ 😍