ಅಜ್ಜಿ ಮನೆಯಲ್ಲಿದ್ದಾರೆ ಅಂತ ಮಗನ ಎನ್‌ಡಿಐಎಸ್ ಪ್ಲಾನ್ ಕಡಿಮೆ ಆಗಿದೆ, ಏನು ಮಾಡಲಿ?

ಟಾರ್ನೀಟ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಗೊತ್ತಿಲ್ಲದವರಿಗೆ, ಎನ್‌ಡಿಐಎಸ್ ಅಂದರೆ ಅಂಗವೈಕಲ್ಯ ಇರುವವರ ಸಹಾಯಕ್ಕೆ ಆಸ್ಟ್ರೇಲಿಯಾ ಸರ್ಕಾರ ದುಡ್ಡು ಕೊಡುವ ಯೋಜನೆ, ಯಾರಿಗೆ ಎಷ್ಟು ಅಂತ ಬರೆದಿರುವುದು ಪ್ಲಾನ್. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ 10 ವರ್ಷ. ಆಟಿಸಂ, ಲೆವೆಲ್ 3, ಅಂದರೆ ಅತಿ ಹೆಚ್ಚು ಸಹಾಯ ಬೇಕಾದ ಮಟ್ಟ. ಮಾತು ಬರುವುದಿಲ್ಲ, ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಬೇಕಾದ್ದು ಹೇಳುತ್ತಾನೆ. ರಾತ್ರಿ ಎರಡು ಗಂಟೆಗೆ ಎದ್ದರೆ ಮತ್ತೆ ಮಲಗುವುದಿಲ್ಲ. ಬಾಗಿಲು ತೆರೆದಿದ್ದರೆ ಸೀದಾ ರಸ್ತೆಗೆ ಓಡುತ್ತಾನೆ, ಕಾರು ಬರುತ್ತಿದೆ ಅನ್ನುವ ಭಯ ಅವನಿಗಿಲ್ಲ. ನಮ್ಮ ಯಜಮಾನರಿಗೆ ವೇರ್‌ಹೌಸ್‌ನಲ್ಲಿ ನೈಟ್ ಶಿಫ್ಟ್. ನಾನು ವಾರಕ್ಕೆ ಮೂರು ದಿನ ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತೇನೆ.

ಹೋದ ಪ್ಲಾನ್‌ನಲ್ಲಿ ವಾರಕ್ಕೆ 12 ಗಂಟೆ ಸಪೋರ್ಟ್ ವರ್ಕರ್ ಇದ್ದರು. ಈ ಸಲ ಪ್ಲಾನ್ ಮೀಟಿಂಗ್‌ನಲ್ಲಿ "ಮನೆಯಲ್ಲಿ ಯಾರ್ಯಾರು ಇದ್ದೀರಿ" ಅಂತ ಕೇಳಿದರು. ನಮ್ಮ ಅತ್ತೆ ದಾವಣಗೆರೆಯಿಂದ ಬಂದು ಎರಡು ತಿಂಗಳಾಗಿತ್ತು. ನಾನು ಖುಷಿಯಿಂದ, ಅತ್ತೆ ಬಂದಿದ್ದಾರೆ, ಅವನನ್ನು ನೋಡಿಕೊಳ್ಳುತ್ತಾರೆ, ಅವರ ಕೈ ತುತ್ತು ಅಂದರೆ ಅವನಿಗೆ ಇಷ್ಟ ಅಂತೆಲ್ಲ ಹೇಳಿದೆ. ಪ್ಲಾನ್ ಬಂದಾಗ 12 ಗಂಟೆ 5 ಗಂಟೆ ಆಗಿತ್ತು. ಕಾರಣದಲ್ಲಿ "ಮನೆಯಲ್ಲಿ ಅಜ್ಜಿಯ ಇನ್‌ಫಾರ್ಮಲ್ ಸಪೋರ್ಟ್ ಇದೆ" ಅಂತ ಬರೆದಿದೆ, ಅಂದರೆ ಮನೆಯವರು ಸಂಬಳ ಇಲ್ಲದೆ ಮಾಡುವ ಸಹಾಯ.

ಅತ್ತೆಗೆ 68 ವರ್ಷ, ಮಂಡಿ ನೋವು. ಅವನು ಓಡಿದರೆ ಹಿಂದೆ ಓಡಿ ಹಿಡಿಯುವುದು ಅವರಿಂದ ಆಗುವುದಿಲ್ಲ. ಬಂದಿರುವುದು ವಿಸಿಟರ್ ವೀಸಾದಲ್ಲಿ, ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೂಡ ಇಲ್ಲ, ಇನ್ನು ಏಳು ವಾರಕ್ಕೆ ವಾಪಸ್ ಹೋಗುತ್ತಾರೆ. ಇದರ ಮೇಲೆ ದುಡ್ಡು ಮೂರು ತಿಂಗಳಿಗೊಂದು ಕಂತು ಅಂತ ಮಾಡಿದ್ದಾರೆ. ಬೇಸಿಗೆ ರಜೆಯ ಆರು ವಾರ ಬಂದರೆ ಆ ಕಂತು ಎಲ್ಲಿ ಸಾಲುತ್ತದೆ? ನಾನು ಕೆಲಸ ಬಿಡಬೇಕಾ? ಅತ್ತೆ ಬಂದಿದ್ದಾರೆ ಅಂತ ಹೇಳಿದ್ದೇ ತಪ್ಪಾಯಿತಾ? ನಾಲ್ಕು ದಿನದಿಂದ ಇದೇ ಯೋಚನೆ.

ಪರ್ತ್ ಮಲೆನಾಡಿಗ:

ಅಕ್ಕಾ, ಮೊದಲು ಒಂದು ಮಾತು. ನೀವು ನಿಜ ಹೇಳಿದ್ದೀರಿ, ಅದು ತಪ್ಪಲ್ಲ. ಅರ್ಧ ನಿಜ ಮಾತ್ರ ಅವರ ಕಾಗದಕ್ಕೆ ಹೋಗಿದೆ, ಉಳಿದ ಅರ್ಧವನ್ನು ಈಗ ನೀವು ಬರೆದು ಕೊಡಬೇಕು. ನಾನು ಕೆಲವು ವರ್ಷ ಸಪೋರ್ಟ್ ಕೋಆರ್ಡಿನೇಟರ್ (ಪ್ಲಾನ್ ಬಳಸಿಕೊಳ್ಳಲು ಸಹಾಯ ಮಾಡುವವನು) ಆಗಿದ್ದೆ, ನನ್ನ ತಮ್ಮನೂ ಎನ್‌ಡಿಐಎಸ್‌ನಲ್ಲಿದ್ದಾನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಎನ್‌ಡಿಐಎಸ್ ಕಾನೂನು 2013ರದ್ದು. ಅದರ 34ನೇ ಸೆಕ್ಷನ್‌ನಲ್ಲೇ ಒಂದು ಸಾಲು ಇದೆ: ಮನೆಯವರು, ನೋಡಿಕೊಳ್ಳುವವರು, ಸುತ್ತಲಿನ ಜನ ಎಷ್ಟು ಮಾಡುವುದು ನ್ಯಾಯ ಅಂತ ಲೆಕ್ಕ ಹಾಕಿ, ಉಳಿದದ್ದಕ್ಕೆ ದುಡ್ಡು ಕೊಡುವುದು. ಮೊದಲಿನಿಂದಲೂ ಇದ್ದ ಸಾಲೇ. ಆದರೆ ಖರ್ಚು ವರ್ಷಕ್ಕೆ ಶೇ. 8ಕ್ಕಿಂತ ಜಾಸ್ತಿ ಬೆಳೆಯಬಾರದು ಅಂತ ಸರ್ಕಾರ ಗುರಿ ಇಟ್ಟುಕೊಂಡ ಮೇಲೆ, 2024ರ ಅಕ್ಟೋಬರ್ 3ಕ್ಕೆ ಹೊಸ ತಿದ್ದುಪಡಿ ಜಾರಿಗೆ ಬಂದ ಮೇಲೆ, ಆ ಸಾಲಿನ ತೂಕ ಜಾಸ್ತಿಯಾಗಿದೆ ಅಂತ ನನ್ನ ಅನುಭವ. ಒಂದು ಕಡೆ ಗಂಟೆ ಕಡಿಮೆ ಆದರೆ ಮಗುವಿನ ಅಗತ್ಯ ಕಡಿಮೆ ಆಗುವುದಿಲ್ಲ ಅಲ್ವಾ, ಆ ಗಂಟೆ ಸೀದಾ ಅಮ್ಮನ ತಲೆ ಮೇಲೆ ಬಂದು ಕೂರುತ್ತದೆ. ನಿಮ್ಮದೇ ಲೆಕ್ಕ ನೋಡಿ. ಸಪೋರ್ಟ್ ವರ್ಕರ್‌ಗೆ ವಾರದ ದಿನ ಹಗಲಿನ ರೇಟು 2025-26ರಲ್ಲಿ ಗಂಟೆಗೆ ಸುಮಾರು 70 ಡಾಲರ್ ಇತ್ತು. ವಾರಕ್ಕೆ 7 ಗಂಟೆ ಕಡಿಮೆ ಅಂದರೆ ವರ್ಷಕ್ಕೆ 25,000 ಡಾಲರ್ ಮೇಲಾಯಿತು. ಅಷ್ಟು ಕೆಲಸವನ್ನು ಮಂಡಿ ನೋವಿರುವ ಅಜ್ಜಿ ಸಂಬಳ ಇಲ್ಲದೆ ಮಾಡುತ್ತಾರೆ ಅಂತ ಆ ಪ್ಲಾನ್ ನಂಬಿದೆ.

ಈಗ ಮಾಡಬೇಕಾದ್ದು. ಪ್ಲಾನ್ ಕೈಗೆ ಬಂದ ದಿನದಿಂದ ಮೂರು ತಿಂಗಳೊಳಗೆ ಇಂಟರ್ನಲ್ ರಿವ್ಯೂ ಕೇಳಿ, ಅಂದರೆ ಎನ್‌ಡಿಐಎಸ್‌ನವರೇ ತಮ್ಮ ತೀರ್ಮಾನವನ್ನು ಮತ್ತೆ ನೋಡುವುದು. ಈ ತಾರೀಖನ್ನು ಮಾತ್ರ ಬಿಡಬೇಡಿ. "ಅತ್ತೆ ಊರಿಗೆ ಹೋದ ಮೇಲೆ ಕೇಳಿದರಾಯಿತು" ಅಂತ ಯಾರಾದರೂ ಹೇಳಬಹುದು. ಪರಿಸ್ಥಿತಿ ಬದಲಾಯಿತು ಅಂತ ಆಮೇಲೆ ಕೇಳುವುದಕ್ಕೂ ಅವಕಾಶ ಇದೆ, ಆದರೆ ಅದು ಬೇರೆ ದಾರಿ, ಅದನ್ನು ಕಾಯುತ್ತಾ ಕೂತರೆ ಮೊದಲ ದಾರಿ ಮುಚ್ಚಿ ಹೋಗುತ್ತದೆ. ರಿವ್ಯೂನಲ್ಲೂ ಆಗದಿದ್ದರೆ ಸರ್ಕಾರದ ತೀರ್ಮಾನಗಳನ್ನು ಮರುಪರಿಶೀಲಿಸುವ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಇದೆ, ರಿವ್ಯೂ ತೀರ್ಮಾನ ಕೈಗೆ ಬಂದ ಮೇಲೆ ಅದಕ್ಕೆ 28 ದಿನ.

ಅರ್ಜಿಯ ಜೊತೆ ಕೇರರ್ ಸ್ಟೇಟ್‌ಮೆಂಟ್ ಇಡಿ, ಅಂದರೆ ನೋಡಿಕೊಳ್ಳುವವರು ತಮ್ಮ ಕಷ್ಟ ಬರೆದ ಹೇಳಿಕೆ. ನಿಮ್ಮ ಕೇಸ್‌ನಲ್ಲಿ ಜೀವ ಇರುವುದೇ ಅದರಲ್ಲಿ. ನಮ್ಮವರು ಇದನ್ನು ಬರೆಯುವಾಗ ತುಂಬ ಸಂಕೋಚ ಪಡುತ್ತಾರೆ. "ದೇವರ ದಯೆ, ಹೇಗೋ ನಡೀತಿದೆ" ಅಂತ ಬರೆದುಬಿಡುತ್ತಾರೆ. ಹೆತ್ತ ಮಗುವನ್ನು ನೋಡಿಕೊಳ್ಳುವುದು ಕಷ್ಟ ಅಂತ ಕಾಗದದ ಮೇಲೆ ಬರೆಯುವುದು ಪಾಪ ಅನ್ನಿಸುತ್ತದೆ. ನನ್ನ ತಾಯಿ ತಮ್ಮನ ಬಗ್ಗೆ ಬರೆಯಲು ಕೂತಾಗ ಎರಡು ಸಲ ಎದ್ದು ಹೋದರು. ಆದರೆ ನೀವು ಬರೆಯದಿದ್ದರೆ ಅದು ಎಲ್ಲೂ ಇಲ್ಲ. ಒಂದು ವಾರ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ರಾತ್ರಿ ಎಷ್ಟು ಗಂಟೆಗೆ ಎದ್ದ, ಯಾರು ಜೊತೆಗಿದ್ದರು, ಬಾಗಿಲ ಕಡೆ ಎಷ್ಟು ಸಲ ಹೋದ, ನೀವು ಎಷ್ಟು ಗಂಟೆ ನಿದ್ದೆ ಮಾಡಿದಿರಿ, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದಿರಿ. ಹತ್ತು ವರ್ಷದ ಬೇರೆ ಮಕ್ಕಳಿಗೆ ಇದರಲ್ಲಿ ಯಾವುದೂ ಬೇಕಾಗಿಲ್ಲ ಅನ್ನುವುದನ್ನು ಪ್ರತಿ ಕಡೆ ಹೇಳಿ. ಎನ್‌ಡಿಐಎಸ್‌ನ 2013ರ ರೂಲ್ಸ್‌ನಲ್ಲಿ 3.4 ಅಂತ ಇದೆ. ಮಗುವಿನ ಅಗತ್ಯ ಅದೇ ವಯಸ್ಸಿನ ಬೇರೆ ಮಕ್ಕಳಿಗಿಂತ ತುಂಬ ಜಾಸ್ತಿ ಇದೆಯಾ, ನೋಡಿಕೊಳ್ಳುವವರ ಆರೋಗ್ಯಕ್ಕೆ ತೊಂದರೆ ಇದೆಯಾ ಅಂತ ನೋಡಬೇಕು ಅಂತ ಅಲ್ಲೇ ಬರೆದಿದೆ. ಆ ನಂಬರ್ ಹಾಕಿ ಬರೆಯಿರಿ.

ಅತ್ತೆಯವರ ಬಗ್ಗೆ ಮೂರೇ ಕಾಗದ ಸಾಕು. ವೀಸಾ ಮುಗಿಯುವ ತಾರೀಖು, ವಾಪಸ್ ಟಿಕೆಟ್, ಮಂಡಿ ಬಗ್ಗೆ ಡಾಕ್ಟರ ಚೀಟಿ. ದಾವಣಗೆರೆ ಡಾಕ್ಟರದ್ದಾದರೂ ಇಂಗ್ಲಿಷ್‌ನಲ್ಲಿದ್ದರೆ ಅದನ್ನೇ ಕೊಡಿ.

ಬ್ಲ್ಯಾಕ್‌ಟೌನ್ ಅಕ್ಕ:

ಮಲೆನಾಡಿಗರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪ್ಲಾನ್ ಮಗುವಿನದು. ನಿಮಗೆ ಸಿಗಬೇಕಾದ್ದು ಬೇರೆ, ಅದು ಸರ್ಕಾರಿ ಭತ್ಯೆ ಕೊಡುವ ಸೆಂಟರ್‌ಲಿಂಕ್‌ನಿಂದ ಬರುತ್ತದೆ. ತುಂಬ ಜನ ಎರಡನ್ನೂ ಒಂದೇ ಅಂದುಕೊಂಡು ಅರ್ಜಿಯನ್ನೇ ಹಾಕಿರುವುದಿಲ್ಲ. ಕೇರರ್ ಅಲೋವೆನ್ಸ್ ಎರಡು ವಾರಕ್ಕೆ 150 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ, ಮನೆಯ ಆದಾಯ ವರ್ಷಕ್ಕೆ 2,50,000 ಡಾಲರ್ ಒಳಗಿದ್ದರೆ ಸಾಕು, ನೀವು ಕೆಲಸಕ್ಕೆ ಹೋಗುತ್ತಿದ್ದರೂ ಸಿಗುತ್ತದೆ. ಅದು ಸಿಗುತ್ತಿದ್ದರೆ ಜುಲೈನಲ್ಲಿ 600 ಡಾಲರ್ ಸಪ್ಲಿಮೆಂಟ್ ಕೂಡ ಬರುತ್ತದೆ. ಹೊಸದಾಗಿ ಪಿಆರ್ (ಶಾಶ್ವತ ನಿವಾಸಿ) ಆದವರಿಗೆ ಕಾಯುವ ಅವಧಿ ಇರುತ್ತದೆ, ಅದನ್ನು ನೋಡಿಕೊಳ್ಳಿ.

ನಾನು ಒಬ್ಬಳೇ ಮಗಳನ್ನು ಸಾಕುತ್ತಿದ್ದೇನೆ, ಅವಳಿಗೆ ಸೆರೆಬ್ರಲ್ ಪಾಲ್ಸಿ. ನನಗೆ ಬರುವುದು ಕೇರರ್ ಪೇಮೆಂಟ್, ನೋಡಿಕೊಳ್ಳುವುದರಿಂದ ಪೂರ್ತಿ ಕೆಲಸ ಮಾಡಲಾಗದವರಿಗೆ ಬರುವ ಬೇರೆ ಹಣ. ಅದರಲ್ಲಿ ಆದ ಒಂದು ಬದಲಾವಣೆ ಮಾತ್ರ ನನಗೆ ನಿಜವಾಗಿ ಉಸಿರು ಕೊಟ್ಟಿತು. ಮೊದಲು ವಾರಕ್ಕೆ 25 ಗಂಟೆಗಿಂತ ಜಾಸ್ತಿ ಹೊರಗಿರುವ ಹಾಗಿರಲಿಲ್ಲ, ಅದರಲ್ಲಿ ಓದು, ಕೆಲಸಕ್ಕೆ ಹೋಗಿ ಬರುವ ಟ್ರೈನ್ ಪ್ರಯಾಣ ಎಲ್ಲ ಸೇರುತ್ತಿತ್ತು. ನರ್ಸಿಂಗ್ ಕೋರ್ಸ್‌ಗೆ ಸೇರಬೇಕು ಅಂತ ನಾಲ್ಕು ವರ್ಷ ಆಸೆ ಇಟ್ಟುಕೊಂಡು ಸುಮ್ನೆ ಇದ್ದೆ. 2025ರ ಮಾರ್ಚ್ 20ರಿಂದ ಅದು ನಾಲ್ಕು ವಾರಕ್ಕೆ 100 ಗಂಟೆ ಅಂತ ಆಗಿದೆ, ಅದೂ ಕೆಲಸದ ಗಂಟೆ ಮಾತ್ರ. ಓದು, ಪ್ರಯಾಣ ಲೆಕ್ಕಕ್ಕಿಲ್ಲ. ಮಗಳಿಗೆ ಆಪರೇಷನ್ ಆದ ವಾರ ಕೆಲಸಕ್ಕೇ ಹೋಗದೆ ಮುಂದಿನ ವಾರ ಜಾಸ್ತಿ ಮಾಡಬಹುದು. ನಾನು ಈಗ ಮೊದಲ ವರ್ಷದಲ್ಲಿದ್ದೇನೆ.

ಆದರೆ ಒಂದು ಕೈಯಲ್ಲಿ ಕೊಟ್ಟಿದ್ದು ಇನ್ನೊಂದು ಕೈಯಲ್ಲಿ ಹೋಗಿದೆ. 2025ರ ಜುಲೈನಿಂದ ಥೆರಪಿಸ್ಟ್‌ಗಳು ಪ್ರಯಾಣದ ಸಮಯಕ್ಕೆ ಅರ್ಧ ರೇಟು ಮಾತ್ರ ಹಾಕಬಹುದು, ಫಿಸಿಯೋ ರೇಟು ಕೂಡ ಗಂಟೆಗೆ 10 ಡಾಲರ್ ಇಳಿಯಿತು. ಮನೆಗೆ ಬರುತ್ತಿದ್ದ ಫಿಸಿಯೋ "ಇನ್ನು ಮನೆಗೆ ಬರಲು ಆಗುವುದಿಲ್ಲ, ಕ್ಲಿನಿಕ್‌ಗೆ ಬನ್ನಿ" ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ವೀಲ್‌ಚೇರ್ ಮಡಚಿ, ಕಾರಿಗೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ ಮನೆಗೆ ಬರುವಷ್ಟರಲ್ಲಿ ನನ್ನ ಮೂರು ಗಂಟೆ ಹೋಗುತ್ತದೆ. ಆ ಮೂರು ಗಂಟೆ ಯಾವ ಬಜೆಟ್‌ನಲ್ಲೂ ಕಾಣುವುದಿಲ್ಲ.

ಇನ್ನೊಂದು, ಕೇರರ್ ಗೇಟ್‌ವೇಗೆ ಫೋನ್ ಮಾಡಿ, 1800 422 737. ಅದು ನೋಡಿಕೊಳ್ಳುವವರಿಗಾಗಿಯೇ ಇರುವುದು. ಕೌನ್ಸೆಲಿಂಗ್ ಇದೆ, ನಿಮಗೇ ಹುಷಾರು ತಪ್ಪಿದರೆ ತುರ್ತು ರೆಸ್ಪೈಟ್ (ನಿಮಗೆ ಬಿಡುವು ಕೊಡಲು ಬೇರೆಯವರು ನೋಡಿಕೊಳ್ಳುವುದು) ಇದೆ. ಇಂಗ್ಲಿಷ್‌ನಲ್ಲಿ ಅಳು ಬರುವ ಮಾತು ಹೇಳಲು ಕಷ್ಟ ಅಂದರೆ ಸರ್ಕಾರದ ಭಾಷಾಂತರ ಸೇವೆ 131 450ಕ್ಕೆ ಮಾಡಿ ಕನ್ನಡ ಇಂಟರ್‌ಪ್ರಿಟರ್ ಕೇಳಿ.

ಐದು ವರ್ಷದವಳ ಅಪ್ಪ:

ಇದನ್ನೆಲ್ಲ ಓದಿ ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ. ನಮ್ಮ ಮಗಳಿಗೆ ಆಟಿಸಂ, ಮಾತು ಈಗ ಶುರುವಾಗಿದೆ. 2025ರ ಆಗಸ್ಟ್‌ನಲ್ಲಿ ಸಚಿವ ಮಾರ್ಕ್ ಬಟ್ಲರ್ ಅವರು 8 ವರ್ಷದವರೆಗಿನ, ಅಗತ್ಯ ಕಡಿಮೆ ಅಥವಾ ಮಧ್ಯಮ ಇರುವ ಮಕ್ಕಳಿಗೆ ಎನ್‌ಡಿಐಎಸ್ ಬಿಟ್ಟು ಥ್ರೈವಿಂಗ್ ಕಿಡ್ಸ್ ಅಂತ ಬೇರೆ ಯೋಜನೆ ಹೇಳಿದರು. ಕೇಂದ್ರ ಸರ್ಕಾರದಿಂದ 200 ಕೋಟಿ ಡಾಲರ್ ಅಂತೆ. ಆ ದುಡ್ಡು ಶಾಲೆ, ಪ್ಲೇಗ್ರೂಪ್, ಹೆಲ್ತ್ ಸೆಂಟರ್ ಹತ್ತಿರ ಸರಿಯಾಗಿ ತಲುಪಿದರೆ ಒಳ್ಳೆಯದೇ. ನನ್ನ ಹೆಂಡತಿ ಕೆಲಸ ಬಿಟ್ಟು ಎರಡು ವರ್ಷ ಆಯಿತು, ಥೆರಪಿಯಲ್ಲಿ ಕಲಿಸಿದ್ದನ್ನೆಲ್ಲ ಮನೆಯಲ್ಲಿ ಮಾಡಿಸುವವಳು ಅವಳೇ. ಹೊಸ ಯೋಜನೆಯಲ್ಲಿ "ಪೇರೆಂಟ್ ಟ್ರೈನಿಂಗ್" ಅನ್ನುವ ಮಾತು ಪದೇ ಪದೇ ಕೇಳುತ್ತಿದ್ದೇನೆ. ಕಲಿಸಿ, ಕಲಿಯುತ್ತೇವೆ. ಆದರೆ ಥೆರಪಿಸ್ಟ್ ಜಾಗಕ್ಕೆ ಅಮ್ಮನನ್ನೇ ಕೂರಿಸುವುದಾದರೆ ಅವಳು ಅಮ್ಮ ಆಗಿರುವುದು ಯಾವಾಗ?

ಟಾರ್ನೀಟ್ ಅಮ್ಮ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬೆಳಗ್ಗೆ ನಿಮ್ಮ ಉತ್ತರ ಓದಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಲೋವೆನ್ಸ್‌ಗೆ ಅರ್ಜಿ ಹಾಕಿಯೇ ಇರಲಿಲ್ಲ, ನಾನು ಕೆಲಸ ಮಾಡುತ್ತೇನೆ ಅಂತ ಸಿಗುವುದಿಲ್ಲ ಅಂದುಕೊಂಡಿದ್ದೆ. ಇವತ್ತೇ ಹಾಕುತ್ತೇನೆ.

ನಿನ್ನೆ ರಾತ್ರಿಯಿಂದ ನೋಟ್‌ಬುಕ್ ಶುರು ಮಾಡಿದೆ. 1:50ಕ್ಕೆ ಎದ್ದ. ಬಾಗಿಲ ಕಡೆ ನಾಲ್ಕು ಸಲ. ಅತ್ತೆಯೂ ಎದ್ದು ಕೂತಿದ್ದರು. ಏನು ಬರೆಯುತ್ತಿದ್ದೀಯ ಅಂತ ಕೇಳಿದರು, ಹೇಳಿದೆ. ಅವರಿಗೆ ತುಂಬ ಬೇಜಾರಾಯಿತು, "ನಾನು ಬಂದಿದ್ದಕ್ಕೆ ಕೂಸಿನ ದುಡ್ಡು ಹೋಯ್ತಾ" ಅಂದರು. ಅವರಿಗೆ ಹೇಗೆ ಸಮಾಧಾನ ಮಾಡಲಿ ಗೊತ್ತಾಗಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಆ ಮೂರು ತಿಂಗಳ ಕಂತಿನ ಬಗ್ಗೆ ಯಾರೂ ಹೇಳಲಿಲ್ಲ.

ಹುಬ್ಬಳ್ಳಿಗೆ ವಾಪಸ್:

ನಾವು ಸಿಡ್ನಿ ಬಿಟ್ಟು ಊರಿಗೆ ಬಂದೆವು. ವಾಪಸ್ ಹೋಗಿಬಿಡೋಣ ಅಂತ ಸಿಟ್ಟಿನಲ್ಲಿ ಯೋಚಿಸುವವರಿಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಅಜ್ಜಿ, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲ ಇದ್ದಾರೆ, ಮಗ ಅವರ ಜೊತೆ ಖುಷಿಯಾಗಿದ್ದಾನೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿದೆ, ಯುಡಿಐಡಿ ಅನ್ನುವ ಅಂಗವೈಕಲ್ಯದ ಗುರುತಿನ ಕಾರ್ಡ್ ಮಾಡಿಸಿದೆವು, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ. ಆದರೆ ಸಪೋರ್ಟ್ ವರ್ಕರ್ ಅನ್ನುವುದು ಇಲ್ಲ. ಥೆರಪಿ ಕೈಯಿಂದಲೇ. ಅಲ್ಲಿ 5 ಗಂಟೆ ಅಂತಾದರೂ ಕಾಗದದಲ್ಲಿ ಇದೆ, ಅದನ್ನು ಕೇಳಲು ಟ್ರಿಬ್ಯುನಲ್ ಇದೆ. ಸುಲಭಕ್ಕೆ ಬಿಡಬೇಡಿ.

ಪರ್ತ್ ಮಲೆನಾಡಿಗ:

ಅಕ್ಕಾ, ಕಂತಿನ ವಿಷಯ ಬಿಟ್ಟುಹೋಗಿತ್ತು. 2025ರ ಮೇ 19ರಿಂದ ಹೊಸ ಪ್ಲಾನ್‌ಗಳಿಗೆ ಹೀಗೆ ಬರುತ್ತಿದೆ, ಸಾಮಾನ್ಯವಾಗಿ ಮೂರು ತಿಂಗಳಿಗೊಂದು. ಒಂದು ಕಂತಿನಲ್ಲಿ ಉಳಿದದ್ದು ಅದೇ ಪ್ಲಾನ್‌ನ ಮುಂದಿನ ಕಂತಿಗೆ ಹೋಗುತ್ತದೆ, ಆದರೆ ಮುಂದಿನದನ್ನು ಮುಂಚೆ ಖರ್ಚು ಮಾಡುವ ಹಾಗಿಲ್ಲ. ಅಂದರೆ ಬೇಸಿಗೆ ರಜೆಗೆ ಮುಂಚಿನ ಟರ್ಮ್‌ನಲ್ಲಿ ಸ್ವಲ್ಪ ಉಳಿಸಬೇಕು, 5 ಗಂಟೆಯಲ್ಲಿ ಉಳಿಸುವುದು ಏನಿದೆ ಅಂತ ನನಗೂ ಗೊತ್ತು. ಅದಕ್ಕೇ ರಿವ್ಯೂ ಅರ್ಜಿಯಲ್ಲೇ ಇದನ್ನೂ ಕೇಳಿ: ಡಿಸೆಂಬರ್, ಜನವರಿಯಲ್ಲಿ ಶಾಲೆ ಇಲ್ಲ, ಆ ವಾರಗಳಲ್ಲಿ ಗಂಟೆ ಜಾಸ್ತಿ ಬೇಕು, ಕಂತನ್ನು ಅದಕ್ಕೆ ಸರಿಯಾಗಿ ಹೊಂದಿಸಿ ಅಂತ. ಶಾಲೆಯ ಟರ್ಮ್ ತಾರೀಖಿನ ಪ್ರಿಂಟ್ ಜೊತೆಗಿಡಿ. ಶಾರ್ಟ್ ಟರ್ಮ್ ರೆಸ್ಪೈಟ್ ಬೇಕು ಅಂತಲೂ ಬರೆಯಿರಿ, ನಿಮಗೆ ಎರಡು ರಾತ್ರಿ ಪೂರ್ತಿ ನಿದ್ದೆ ಸಿಕ್ಕಿ ಎಷ್ಟು ಕಾಲ ಆಯಿತು ಅನ್ನುವುದನ್ನು ಆ ಸಾಲಿನ ಪಕ್ಕದಲ್ಲೇ ಹಾಕಿ.

ಅತ್ತೆಯವರಿಗೆ ಹೇಳಿ, ಅವರದ್ದು ಏನೂ ತಪ್ಪಿಲ್ಲ. ಅವರೇ ಒಂದು ಪುಟ ಬರೆದು ಕೊಡಲಿ, ಕನ್ನಡದಲ್ಲೇ. ತಾನು ಅವನಿಗೆ ಏನು ಮಾಡಬಲ್ಲೆ, ಏನು ಮಾಡಲಾರೆ, ಊರಿಗೆ ಯಾವತ್ತು ಹೋಗುತ್ತೇನೆ ಅಂತ. ಫೋಟೋ ತೆಗೆದು ನನಗೆ ಕಳಿಸಿ, ಇಂಗ್ಲಿಷ್ ಮಾಡಿಕೊಡುವ ಸರ್ಟಿಫೈಡ್ ಅನುವಾದಕರ ಹತ್ತಿರ ನಾನೇ ಮಾತಾಡುತ್ತೇನೆ.